ಎರಡು ಮನೆಯ ಸೌದೆ

ಟೊಯಿವೊಲಾ, ಮಿಶಿಗನ್
ಅಕ್ಟೋಬರ್ 6, 1997

ವೆಂಡೆಲ್‌ಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ನಿನಗೆ ಒಳ್ಳೆಯದಾಗುವುದಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮರ ಕಡಿಯುವವರ ಕ್ಯಾಂಪಿನಲ್ಲಿ ಅಮ್ಮನ ಜೊತೆ ಅಡುಗೆಗೆ ನಿಂತವಳು ನಾನು. ಆಮೇಲೆ ಬರೆದದ್ದೆಂದರೆ ಅಂಗಡಿ ಚೀಟಿ, ಕ್ರಿಸ್‌ಮಸ್ ಕಾರ್ಡಿನ ಮೇಲೆ ಹೆಸರು, ಅಷ್ಟೇ. ಫೋನಿರುವ ಕಡೆ ಕೆಲಸ ಹಿಡಿದಿದ್ದರೆ ಎರಡು ನಿಮಿಷದಲ್ಲಿ ಬೈದು ಮುಗಿಸುತ್ತಿದ್ದೆ. ನೀನು ಹೋಗಿ ಅದಿರು ಸಾಗಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಕೂತಿದ್ದೀಯ. ಹಡಗಿನ ಕಚೇರಿಗೆ ಫೋನು ಮಾಡಿದರೆ ಯಾವುದೋ ಹುಡುಗಿ, "ಕಾಗದ ಬರೀರಿ ಅಜ್ಜಿ, ಡೆಟ್ರಾಯಿಟ್ ಹತ್ರ ಸಣ್ಣ ದೋಣಿ ಹೋಗಿ ಬಕೆಟ್ಟಲ್ಲಿ ಕೊಟ್ಟು ಬರತ್ತೆ" ಅಂದಳು. ನನ್ನ ಕಾಗದ ಬಾವಿ ನೀರಿನ ಹಾಗೆ ಬಕೆಟ್ಟಿನಲ್ಲಿ ಕೂತು, ಹಗ್ಗದಲ್ಲಿ ಮೇಲೆ ಬರುತ್ತದಂತೆ. ಇದೆಲ್ಲ ಬೇಕಿತ್ತೇ?

ಮೇಲೆ ಬರೀ ಹೆಸರು ಬರೆದಿದ್ದೇನೆ. ಮಗಳು ಸತ್ತ ಮೇಲೆ ಅಳಿಯನನ್ನು ಅಳಿಯ ಎನ್ನಬಹುದೋ ಇಲ್ಲವೋ ನನಗೆ ತಿಳಿಯದು. ಪಾದ್ರಿಯನ್ನು ಕೇಳೋಣವೆಂದರೆ ಆ ಹುಡುಗನಿಗೆ ಇನ್ನೂ ಮದುವೆಯೇ ಆಗಿಲ್ಲ.

ವಿಷಯ ಬಾಯ್ಲರ್‌ದು. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಹೊಲದಲ್ಲಿ ನೀನೇ ಬೆಸುಗೆ ಹಾಕಿ ಕಟ್ಟಿ ನಿಲ್ಲಿಸಿದ್ದು. ಇಷ್ಟು ಚಳಿಗಾಲ ತೆಪ್ಪಗೆ ಸೌದೆ ತಿಂದು, ನೀರು ಕಾಯಿಸಿ, ನೆಲದೊಳಗಿನ ಪೈಪಿನಲ್ಲಿ ಎರಡು ಮನೆಗೂ ಕಳಿಸುತ್ತಿತ್ತು. ಈಗ ಹುಚ್ಚು ಹಿಡಿದಿದೆ. ಏಪ್ರಿಲ್‌ನಲ್ಲಿ ಎರಡು ಸಲ ಉಕ್ಕಿತು. ಬಿಸಿಲು ಬಂತಲ್ಲ, ಅದಕ್ಕೇ ಇರಬೇಕೆಂದುಕೊಂಡು ಬೇಸಿಗೆಗೆ ಆರಿಸಿದೆ. ಸೆಪ್ಟೆಂಬರ್ ಕೊನೆಗೆ ಹಿಮದ ಪುಡಿ ಉದುರಿದಾಗ ಹೊತ್ತಿಸಿದೆ. ಅಂದಿನಿಂದ ದಿನ ಬಿಟ್ಟು ದಿನ ಕುದಿಯುತ್ತಿದೆ. ಶಾಖ ತೋರಿಸುವ ಮುಳ್ಳು ಇನ್ನೂರು ಫ್ಯಾರನ್‌ಹೀಟ್ ದಾಟಿ ಕೆಂಪು ಗೆರೆಗೆ ಬಡಿಯುತ್ತದೆ. ಮೇಲಿನ ಕೊಳವೆಯಿಂದ ಹಬೆ ನುಗ್ಗಿ, ಕಂದು ನೀರು ತಗಡಿನ ಮಾಡಿನ ಮೇಲೆಲ್ಲ ಚೆಲ್ಲುತ್ತದೆ. ಅಡುಗೆಮನೆಯಲ್ಲಿ ಕೂತರೂ ಅದರ ಗುಡುಗುಡು ಕೇಳುತ್ತದೆ.

ಪಕ್ಕದ ಹೊಲದ ರೈಮೋನನ್ನು ಕರೆದೆ. ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೋಪಿ ಹಿಂದಕ್ಕೆ ತಳ್ಳಿ, "ಹಿಲ್ಮಾ, ಇದು ನಿನ್ನ ಥರಾನೇ ಆಗಿದೆ ಕಣೆ. ಮುಟ್ಟೋ ಹಾಗಿಲ್ಲ, ಮಾತಾಡ್ಸೋ ಹಾಗಿಲ್ಲ" ಅಂದ.

"ಗೊತ್ತಿದ್ರೆ ರಿಪೇರಿ ಮಾಡು, ಇಲ್ದಿದ್ರೆ ಕಾಫಿ ಕುಡ್ದು ನಡಿ" ಅಂದೆ.

ಕಾಫಿ ಕುಡಿದ. ಏಲಕ್ಕಿ ಬ್ರೆಡ್ಡು ಅರ್ಧ ಖಾಲಿ ಮಾಡಿದ. ಹೋದ.

ಆದ್ದರಿಂದ ನಿನಗೆ ಬರೆಯಬೇಕಾಯಿತು. ಏನು ನೋಡಬೇಕು, ಯಾವುದನ್ನು ತಿರುಗಿಸಬೇಕು, ಸರಿಯಾಗಿ ಬರೆ.

ಇನ್ನೊಂದು. ಮಾರ್ಚ್‌ನಲ್ಲಿ ಹೋಗುವಾಗ ನೀನು ನಿನ್ನ ಮನೆಯ ಕಡೆಯ ವಾಲ್ವು ಮುಚ್ಚಿದೆ, ಪೈಪಿನ ನೀರು ಇಳಿಸಿದೆ, ಎಲ್ಲ ಅಚ್ಚುಕಟ್ಟು. ಕಿಟಕಿಯ ಆ ಕೆಂಪು ಬಟ್ಟೆ ಮಾತ್ರ ತೆಗೆಯಲಿಲ್ಲ. ತೆಗೆಯಬೇಕಿತ್ತು. ನನಗೆ ಹೇಳಿ ಹೋಗಬೇಕಿತ್ತು ಎನ್ನುತ್ತಿಲ್ಲ. ಬೆಳಿಗ್ಗೆ ಸೌದೆ ಹಾಕಲು ಹೋಗಿ ನಿನ್ನ ಕಡೆಯ ಪೈಪು ಮುಟ್ಟಿದೆ, ತಣ್ಣಗಿತ್ತು. ಗೊತ್ತಾಯಿತು.

ಹಿಲ್ಮಾ


ಹ್ಯೂರಾನ್ ಸರೋವರ, ಹಡಗಿನಿಂದ
ಅಕ್ಟೋಬರ್ 19

ಹಿಲ್ಮಾ ಅವರಿಗೆ,

ನಿಮ್ಮ ಕಾಗದ ಬಕೆಟ್ಟಿನಲ್ಲೇ ಬಂತು. ಹಗ್ಗ ಎಳೆದವನು ನಾನೇ.

ಬೆಂಕಿಗೆ ಬೇಡದ ಗಾಳಿ ಎಲ್ಲಿಂದಲೋ ಸಿಗುತ್ತಿರಬಹುದು. ಮೊದಲು ಒಲೆಯ ಬಾಗಿಲು ನೋಡಿ. ಅದರ ಅಂಚಿನ ಸುತ್ತ ಬೆಂಕಿಗೆ ಸುಡದ ಒಂದು ದಪ್ಪ ಹಗ್ಗ ಕೂರಿಸಿದ್ದೇನೆ. ಬಾಗಿಲ ಸಂದಿಗೆ ಕಾಗದದ ಪಟ್ಟಿ ಇಟ್ಟು, ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ, ಹಗ್ಗ ಬದಲಿಸಬೇಕು. ಆಮೇಲೆ ಗಾಳಿ ಬಿಡುವ ಸಣ್ಣ ತಗಡಿನ ಮುಚ್ಚಳ. ನೀರು ಸಾಕಷ್ಟು ಕಾದ ಕೂಡಲೇ ಅದು ತಾನಾಗಿ ಬಿದ್ದು ಮುಚ್ಚಿಕೊಳ್ಳಬೇಕು. ಅದರಡಿ ಹೊಗೆಯ ಜಿಡ್ಡು ಕಟ್ಟಿದರೆ ಪೂರ್ತಿ ಕೂರುವುದಿಲ್ಲ. ಬೆಂಕಿ ಆರಿದ್ದಾಗ ಕೆರೆದು ತೆಗೆಯಿರಿ.

ಕುದಿಯುತ್ತಿರುವಾಗ ತಣ್ಣೀರು ಬಿಡಬೇಡಿ, ಬೆಸುಗೆ ಸೀಳುತ್ತದೆ. ಒಲೆಯ ಬಾಗಿಲು ತೆರೆಯಬೇಡಿ. ಮನೆಯ ರೇಡಿಯೇಟರ್‌ಗಳನ್ನೆಲ್ಲ ಪೂರ್ತಿ ತೆರೆದು, ಕಿಟಕಿ ತೆರೆದು, ಬಿಸಿ ಹೊರಗೆ ಹೋಗಲು ಬಿಡಿ.

ಇಲ್ಲಿ ಊಟ ಚೆನ್ನಾಗಿದೆ. ಗಾಳಿ ಶುರುವಾಗಿದೆ.

ವೆಂಡೆಲ್


ಟೊಯಿವೊಲಾ
ನವೆಂಬರ್ 3

ವೆಂಡೆಲ್‌ಗೆ,

ಚರ್ಚಿನ ವಾರಪತ್ರಿಕೆ ಹರಿದು ಪಟ್ಟಿ ಮಾಡಿ ಬಾಗಿಲ ಸುತ್ತ ಇಟ್ಟು ಎಳೆದೆ. ಮೇಲೆ ಬಿಗಿ, ಪಕ್ಕದಲ್ಲಿ ಬಿಗಿ, ಕೆಳಗಿನ ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಸಿಕ್ಕಿಬಿದ್ದ ಕಳ್ಳ ಎಂದು ಖುಷಿಯಾಯಿತು. ರೈಮೋ ಹೊಸ ಹಗ್ಗ ತಂದ. ಇಬ್ಬರೂ ಮಂಡಿಯೂರಿ ಕೂರಿಸಿದೆವು, ಆಮೇಲೆ ಇಬ್ಬರಿಗೂ ಏಳಲಾಗಲಿಲ್ಲ.

"ನೀನು ಮೊದ್ಲು ಏಳು, ಆಮೇಲೆ ನನ್ನ ಎಬ್ಬಿಸು" ಅಂದ.

"ನಾನೆದ್ರೆ ನಿನ್ನ ಇಲ್ಲೇ ಬಿಟ್ಟು ಬಾಗ್ಲು ಹಾಕ್ಕೋತೀನಿ" ಅಂದೆ.

ತಗಡಿನ ಮುಚ್ಚಳದ ಅಡಿಯಲ್ಲಿ ಡಾಂಬರಿನಂಥದ್ದು ಕಟ್ಟಿತ್ತು. ಆಲೂಗಡ್ಡೆ ಚಾಕುವಿನಲ್ಲಿ ಕೆರೆದೆ. ಆ ಚಾಕು ಹೋಯಿತು.

ಮೂರು ದಿನ ಸುಮ್ಮನಿತ್ತು. ಭಾನುವಾರ ಚರ್ಚಿನಿಂದ ಬಂದು ನೋಡಿದರೆ ಕರು ಹಾಕುವ ಹಸುವಿನ ಹಾಗೆ ನರಳುತ್ತಿದೆ. ನೀನು ಹೇಳಿದಂತೆ ರೇಡಿಯೇಟರ್ ಎಲ್ಲ ತೆರೆದು ಕಿಟಕಿ ತೆರೆದೆ. ನವೆಂಬರ್ ತಿಂಗಳಲ್ಲಿ ಮನೆಯ ಕಿಟಕಿಯೆಲ್ಲ ತೆರೆದು, ತೋಳು ಮಡಚಿ, ಬೆವರು ಒರೆಸಿಕೊಳ್ಳುತ್ತ ಕೂತೆ. ದಾರಿಯಲ್ಲಿ ಹೋಗುವವರು ಮನೆಯನ್ನೇ ಸೌನಾ ಮಾಡಿಕೊಂಡು ಹಬೆಸ್ನಾನ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು.

ಅಂದರೆ ಅದಲ್ಲ ರೋಗ. ಬೇರೆ ಏನೋ ಇದೆ. ಸರಿಯಾಗಿ ಯೋಚಿಸಿ ಬರೆ.

ಚರ್ಚಿನಲ್ಲಿ ವಿಯೆನೋ ನನ್ನ ಪಕ್ಕಕ್ಕೇ ಬಂದು ಕೂತಳು. "ಅಳಿಯ ಯಾವಾಗ್ ಬರ್ತಾನೆ ಹಿಲ್ಮಾ?" ಅಂದಳು. ಅವಳ ಬಾಯಿ ಗೊತ್ತಲ್ಲ. ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ನಿಂತ ಮೇಲೆ ಬರುತ್ತಾನೆ ಎಂದುಬಿಟ್ಟೆ. ನೀನು ಹಾಗೆ ಹೇಳಿಲ್ಲ. ನಾನೇ ಹೇಳಿದೆ.

ನಿನ್ನ ಕಾಗದ ಪೂರ್ತಿ ಹಗ್ಗ, ಮುಚ್ಚಳ, ಜಿಡ್ಡು. ಕೊನೆಗೆ ಊಟ ಚೆನ್ನಾಗಿದೆ ಅಂತೆ. ಸಂತೋಷ. ನಾನೂ ಒಂದು ವಿಷಯ ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತಲ್ಲ, ಅಗೆಯಲಾಗದೆ ನಮ್ಮ ಐರಿಯ ಶವಪೆಟ್ಟಿಗೆಯನ್ನು ಸ್ಮಶಾನದ ಕಲ್ಲುಮನೆಯಲ್ಲಿ ಇಟ್ಟು ಬಂದೆವಲ್ಲ, ಅಲ್ಲಿಯವರೆಗೆ ನೀನಿದ್ದೆ. ಮೇ ತಿಂಗಳಲ್ಲಿ ನೆಲ ಕರಗಿದ ಮೇಲೆ ಐರಿಯನ್ನು ಮಣ್ಣು ಮಾಡಿದೆವು. ನಾನು, ರೈಮೋ, ಪಾದ್ರಿ. ನಿನಗೆ ಕಚೇರಿಯ ಮೂಲಕ ಹೇಳಿ ಕಳಿಸಿದ್ದೆ. ನೀನು ಬರಲಿಲ್ಲ. ಏಕೆಂದು ಕೇಳುತ್ತಿಲ್ಲ. ಆಯಿತು ಎಂದು ಹೇಳುತ್ತಿದ್ದೇನೆ.

ಹಿಲ್ಮಾ


ಸುಪೀರಿಯರ್ ಸರೋವರ
ನವೆಂಬರ್ 12

ಹಿಲ್ಮಾ ಅವರಿಗೆ,

ಬಿರುಗಾಳಿಗೆ ಹೆದರಿ ಒಂದು ಗುಡ್ಡದ ಮರೆಯಲ್ಲಿ ಲಂಗರು ಹಾಕಿದ್ದೇವೆ. ಕೆಲಸವಿಲ್ಲ, ಅದಕ್ಕೆ ಕೂಡಲೇ ಬರೆಯುತ್ತಿದ್ದೇನೆ. ಮೇ ತಿಂಗಳ ಸುದ್ದಿ ನನಗೆ ಸಮಯಕ್ಕೆ ಸರಿಯಾಗಿಯೇ ತಲುಪಿತ್ತು.

ನೀರು ಓಡದಿದ್ದರೂ ಬಾಯ್ಲರ್ ಕುದಿಯುತ್ತದೆ. ಪಂಪಿನ ಹತ್ತಿರ ಎರಡು ಪೈಪಿವೆ, ನಿಮ್ಮ ಮನೆಗೆ ಹೋಗುವುದು ಒಂದು, ತಿರುಗಿ ಬರುವುದು ಒಂದು. ಎರಡನ್ನೂ ಮುಟ್ಟಿ ನೋಡಿ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಪಂಪು ನಿಂತಿದೆ ಅಥವಾ ಪೈಪಿನಲ್ಲಿ ಗಾಳಿ ಸೇರಿದೆ. ಮಹಡಿಯ ರೇಡಿಯೇಟರಿನ ತುದಿಯಲ್ಲಿ ಸಣ್ಣ ಕೀಲಿ ಇದೆ, ತಿರುಗಿಸಿದರೆ ಗಾಳಿ ಬುಸ್ಸೆಂದು ಹೊರಬರುತ್ತದೆ. ನೀರು ಬರುವವರೆಗೆ ಬಿಟ್ಟು ಮುಚ್ಚಿ. ಕೈಗವಸು ಹಾಕಿಕೊಳ್ಳಿ.

ಚಳಿಗಾಲದ್ದು ನಾನಿನ್ನೂ ಏನೂ ತೀರ್ಮಾನಿಸಿಲ್ಲ. ವಿಯೆನೋಗೆ ಏನು ಬೇಕಾದರೂ ಹೇಳಿ.

ಒಂದು ಕೇಳಬೇಕು. ಒಂದು ಸಲಕ್ಕೆ ಎಷ್ಟು ಸೌದೆ ಹಾಕುತ್ತಿದ್ದೀರಿ?

ವೆಂಡೆಲ್


ಟೊಯಿವೊಲಾ
ನವೆಂಬರ್ 22

ವೆಂಡೆಲ್‌ಗೆ,

ಅಕ್ಷರ ಸೊಟ್ಟಗಿದ್ದರೆ ಓದಿಕೋ. ಬಲಗೈ ಮಣಿಕಟ್ಟು ಸುಟ್ಟಿದೆ.

ಪಂಪು ನೋಡಲು ಹೋಗಿದ್ದೆ. ಹೋಗುವ ಪೈಪು ಸುಡುತ್ತಿತ್ತು, ಬರುವ ಪೈಪೂ ಸುಡುತ್ತಿತ್ತು. ಪಂಪು ಸತ್ತಿಲ್ಲ. ಮಹಡಿಯ ಕೀಲಿ ಮೊದಲೇ ತಿರುಗಿಸಿದ್ದೆ, ಗಾಳಿ ಇರಲಿಲ್ಲ, ನೀರೇ ಚಿಮ್ಮಿತು. ಅಲ್ಲಿಗೆ ನಿನ್ನ ಔಷಧಿಯೆಲ್ಲ ಮುಗಿಯಿತು ಎಂದುಕೊಂಡು ತಿರುಗುವಷ್ಟರಲ್ಲಿ ಮೇಲಿನ ಕೊಳವೆ ಉಗುಳಿತು. ಮುಖಕ್ಕೆ ಕೈ ಅಡ್ಡ ತಂದೆ, ಕೈ ಹೋಯಿತು. ಹಿಮದಲ್ಲಿ ಕೈ ಹೂತು ಅಲ್ಲೇ ಕೂತೆ. ಕರೆಯಲು ಯಾರಿದ್ದಾರೆ? ಜಿಂಕೆ ಬೇಟೆಯ ಕಾಲ, ಊರಿನ ಗಂಡಸರೆಲ್ಲ ಕಾಡಿನಲ್ಲಿ. ರೈಮೋ ಕೂಡ. ಅವನಿಗೆ ಕಣ್ಣು ಕಾಣುವುದಿಲ್ಲ, ಜಿಂಕೆ ತಾನಾಗಿ ಬಂದು ಕೊಂಬು ತಾಗಿಸಿದರೆ ಮಾತ್ರ ಗುಂಡು ಹಾರಿಸುತ್ತಾನೆ. ಆದರೂ ಹೋಗಬೇಕು.

ಸಂಜೆ ಬಂದವನು ಕೈ ನೋಡಿ ಬೈದ. "ಸುಟ್ಕೊಂಡು ಸಾಯ್ತೀಯ ನೀನು. ಆ ಡಬ್ಬ ಆರ್ಸಿ ನಮ್ಮನೆಗೆ ಬಂದಿರು."

"ನಿನ್ನ ಮನೆ ವಾಸ್ನೆಗೆ ಸಾಯೋದಕ್ಕಿಂತ ಇದೇ ವಾಸಿ" ಅಂದೆ.

ಎಷ್ಟು ಸೌದೆ ಎಂದು ಕೇಳಿದ್ದೀಯ. ಇದೇನು ಪ್ರಶ್ನೆ? ಎಷ್ಟು ಹಾಕುತ್ತಿದ್ದೆನೋ ಅಷ್ಟೇ. ಬೆಳಿಗ್ಗೆ ಒಲೆಬಾಯಿಯ ಮೇಲಂಚಿನವರೆಗೆ ಮೇಪಲ್ ಮರದ ಸೌದೆ, ಸಂಜೆ ಮತ್ತೆ ಅಷ್ಟೇ. ಹೋದ ಚಳಿಗಾಲ ಮರ ಕೊಯ್ಯುವ ಗಿರಣಿಯ ಕೆಲಸಕ್ಕೆ ಹೊರಡುವ ಮೊದಲು ನೀನೇ ನಿಂತು ತೋರಿಸಿದ್ದು. "ಕೈ ತೂರೋಕೂ ಜಾಗ ಇರಬಾರ್ದು ಅತ್ತೆ, ಅವಳಿಗೆ ಚಳಿ" ಅಂದಿದ್ದೆ. ಹಾಗೇ ತುಂಬುತ್ತೇನೆ.

ತುಂಬಿದ ಮೇಲೆ ತಲೆ ಎತ್ತುತ್ತೇನೆ. ಎತ್ತಿದರೆ ಎದುರಿಗೆ ನಿನ್ನ ಮನೆಯ ಕಿಟಕಿ. ಅವಳಿಗೆ ಕೂಗಲು ಉಸಿರಿಲ್ಲದಾದಾಗ ನಾವು ಮೂವರೂ ಸೇರಿ ಮಾಡಿಕೊಂಡ ಏರ್ಪಾಡು ಅದು. ಪಾತ್ರೆ ಒರೆಸುವ ಕೆಂಪು ಬಟ್ಟೆ ಕಿಟಕಿಗೆ ಕಟ್ಟಿದ್ದರೆ ಐರಿಗೆ ಚಳಿಯಾಗಿದೆ, ಇನ್ನಷ್ಟು ಹಾಕು ಎಂದರ್ಥ. ಬಿಚ್ಚಿದ್ದರೆ ಸಾಕು ಎಂದರ್ಥ. ಬಟ್ಟೆ ಇನ್ನೂ ಕಟ್ಟಿಯೇ ಇದೆ ವೆಂಡೆಲ್. ಒಳಗೆ ಯಾರೂ ಇಲ್ಲ ಎಂದು ನನಗೆ ಗೊತ್ತಿಲ್ಲವೇ? ಅವಳ ಪೆಟ್ಟಿಗೆಯ ಮೇಲೆ ಮೊದಲ ಮಣ್ಣು ಹಾಕಿದವಳು ನಾನು. ಆದರೂ ಬಟ್ಟೆ ಕಂಡರೆ ಇನ್ನೊಂದು ಕೊರಡು ಎತ್ತಿ ತುರುಕುತ್ತೇನೆ. ಕೈ ನನ್ನ ಮಾತು ಕೇಳುವುದಿಲ್ಲ.

ಬಿಚ್ಚಿ ಎಸೆಯಬಹುದಿತ್ತು, ಬಾಗಿಲಿಗೆ ಬೀಗವಿಲ್ಲ. ಕರೆಯದೆ ಯಾರ ಮನೆಗೂ ಹೋದವಳಲ್ಲ ನಾನು.

ಇದಕ್ಕೂ ಬಾಯ್ಲರ್‌ಗೂ ಸಂಬಂಧವಿಲ್ಲ. ನೀನು ಕೇಳಿದೆ, ಬರೆದೆ. ಈಗ ಇದರ ರೋಗ ಏನೆಂದು ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು.

ಹಿಲ್ಮಾ


ಹ್ಯೂರಾನ್ ಸರೋವರ
ಡಿಸೆಂಬರ್ 2

ಅತ್ತೆಗೆ,

ಕೈಯನ್ನು ಡಾಕ್ಟರಿಗೆ ತೋರಿಸಿ. ಹಿಮ ಸಾಲದು.

ಬಾಯ್ಲರ್‌ಗೆ ರೋಗವಿಲ್ಲ. ನಿಮ್ಮ ಮೊದಲ ಕಾಗದ ಓದಿದಾಗಲೇ ನನಗೆ ಅನುಮಾನ ಬಂದಿತ್ತು, ಅನುಮಾನವೇನು, ಗೊತ್ತೇ ಆಗಿತ್ತು. ಎರಡು ಮನೆಗೆ ಹಾಕುವ ಸೌದೆಯನ್ನು ಒಂದು ಮನೆಗೆ ಹಾಕುತ್ತಿದ್ದೀರಿ. ಬಿಸಿಗೆ ಹೋಗಲು ಜಾಗವಿಲ್ಲ, ಅದಕ್ಕೆ ಕುದಿಯುತ್ತದೆ. ಅಷ್ಟೇ. ಅಕ್ಟೋಬರ್‌ನಲ್ಲೇ ಒಂದು ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಪೆನ್ನು ಹಿಡಿದು ಕೂತೆ. ಇನ್ನೊಂದು ಮನೆಗೆ ಇನ್ನು ಬಿಸಿ ಬೇಡ ಎಂದು ಬರೆಯಬೇಕಿತ್ತು. ಬರೆಯಲಾಗಲಿಲ್ಲ. ಹಗ್ಗ ನೋಡಿ, ಮುಚ್ಚಳ ನೋಡಿ ಎಂದು ಬರೆದೆ. ಅದೂ ಸುಳ್ಳಲ್ಲ, ಆದರೆ ಅದಲ್ಲ. ಅಷ್ಟರಲ್ಲಿ ನಿಮ್ಮ ಕೈ ಸುಟ್ಟಿತು.

ಬಟ್ಟೆ ಕಟ್ಟಿದವನು ನಾನು. ಕೊನೆಯ ವಾರ ಅವಳು ಹಾಸಿಗೆ ಬಿಟ್ಟು ಏಳಲಿಲ್ಲವಲ್ಲ. ರೇಡಿಯೇಟರ್ ಮುಟ್ಟಿದರೆ ಬೊಬ್ಬೆ ಬರುವ ಹಾಗಿತ್ತು. ನಾನು ಬರೀ ಬನಿಯನ್ನಿನಲ್ಲಿ ಬೆವರುತ್ತಿದ್ದೆ, ಅವಳು ಎರಡು ಕಂಬಳಿಯೊಳಗೆ ನಡುಗುತ್ತಿದ್ದಳು. ಆ ಬೆಳಿಗ್ಗೆ "ಬಟ್ಟೆ ಕಟ್ಟು" ಅಂದಳು. ಕಟ್ಟಿದೆ. ನೀವು ಹೊಲದಲ್ಲಿದ್ದಿರಿ. ತಲೆ ಎತ್ತಿ ನೋಡಿದಿರಿ, ಒಲೆಯ ಬಾಗಿಲು ತೆರೆದಿರಿ. ಸ್ವಲ್ಪ ಹೊತ್ತಿಗೆ ಚಿಮಣಿಯಿಂದ ಬಿಳಿ ಹೊಗೆ ಎದ್ದಿತು. ಅವಳು ಮಲಗಿದ್ದಲ್ಲಿಂದ ಅದು ಕಾಣುತ್ತಿತ್ತು.

"ಅಮ್ಮ ಸೌದೆ ಹಾಕಿದ್ಲು" ಅಂದಳು.

ಆಮೇಲೆ ಮಾತಾಡಲಿಲ್ಲ. ನೀವು ಬೂಟಿನ ಹಿಮ ಕೊಡವಿಕೊಂಡು ಒಳಗೆ ಬರುವಷ್ಟರಲ್ಲಿ ಹೋಗಿದ್ದಳು. "ಏನಾದ್ರೂ ಅಂದ್ಲಾ?" ಎಂದು ನೀವು ಕೇಳಿದಿರಿ. ಇಲ್ಲ ಎಂದೆ. ಆ ಮಾತು ನಿಮ್ಮದು, ನಿಮಗೆ ಕೊಡಬೇಕಿತ್ತು. ನನಗೆಂದು ಅವಳು ಏನೂ ಹೇಳಿರಲಿಲ್ಲ. ಅದಕ್ಕೆ ಇದನ್ನು ಇಟ್ಟುಕೊಂಡೆ.

ಬಟ್ಟೆ ಬಿಚ್ಚಲು ಒಂದೆರಡು ಸಲ ಕಿಟಕಿಯ ಹತ್ತಿರ ಹೋಗಿದ್ದೆ. ಬಿಚ್ಚಿದರೆ "ಸಾಕು" ಎಂದು ಹೇಳಿದ ಹಾಗಾಗುತ್ತದಲ್ಲ.

ಮಾರ್ಚ್‌ನಲ್ಲಿ ಅವಳ ಅಂತ್ಯಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನೀವು ನನ್ನ ಹತ್ತಿರ ಬಂದು, "ಇನ್ನಿಲ್ಲಿ ನಿಂಗೇನಿದೆ?" ಅಂದಿರಿ. ನಿಜ ಅನ್ನಿಸಿತು. ಹೊಲ ನಿಮ್ಮದು, ಊರು ನಿಮ್ಮದು, ಅವಳಿಂದಾಗಿ ನಾನು ಅಲ್ಲಿದ್ದೆ. ಹಡಗು ಹೊರಡುವ ದಿನ ಬಂತು, ಹೊರಟೆ. ಮೇ ತಿಂಗಳಲ್ಲಿ ಬರದಿದ್ದದ್ದೂ ಅದಕ್ಕೇ. ನಿಮ್ಮ ಮೇಲೆ ಕೋಪವಿಲ್ಲ.

ಅರ್ಧ ಸೌದೆ ಹಾಕಿ. ಬಟ್ಟೆ ತೆಗೆದುಬಿಡಿ. ಒಳಗೆ ಹೋಗಲು ಕರೆ ಬೇಕಿದ್ದರೆ ಇದೇ ಕರೆ. ಜನವರಿಯಲ್ಲಿ ಹಡಗನ್ನು ಕಟ್ಟಿ ನಿಲ್ಲಿಸಿದ ಮೇಲೆ ಬಂದರಿನಲ್ಲೇ ಕಾವಲಿಗೆ ಒಬ್ಬ ಬೇಕಂತೆ. ಮಾರ್ಚ್‌ವರೆಗೆ ಅಲ್ಲೇ ಇರಬಹುದು. ಜನವರಿ ಆರಕ್ಕೆ ಹೆಸರು ಕೊಡಬೇಕು. ಕೊಡೋಣ ಎಂದಿದ್ದೇನೆ.

ವೆಂಡೆಲ್


ಟೊಯಿವೊಲಾ
ಡಿಸೆಂಬರ್ 16

ಅಳಿಯ ವೆಂಡೆಲ್‌ಗೆ,

ಅವಳು ಹೇಳಿದ ಮಾತು ಓದಿದೆ. ಅದರ ವಿಷಯ ನಾನು ಬರೆಯುವುದಿಲ್ಲ.

ಬಾಯ್ಲರ್ ವಿಷಯ ಕೇಳು. ನೀನು ಹೇಳಿದಂತೆ ಅರ್ಧ ಹಾಕಿದೆ. ಕಿಟಕಿಯ ಕಡೆ ಬೆನ್ನು ಮಾಡಿ ನಿಂತು ಹಾಕಿದೆ. ಸುಮ್ಮನಾಯಿತು. ಮುಳ್ಳು ನೂರಾ ಎಂಬತ್ತರ ಹತ್ತಿರ ಕಟ್ಟಿ ಹಾಕಿದ ನಾಯಿಯ ಹಾಗೆ ಕೂತಿತು. ಮರುದಿನವೂ ಕುದಿಯಲಿಲ್ಲ. ರೈಮೋ ಬಂದು, "ಅಂತೂ ಸರಿ ಹೋಯ್ತಲ್ಲ ಮಾರಾಯ್ತಿ, ಏನಾಗಿತ್ತು?" ಎಂದು ಕೇಳಿದ.

"ಸೌದೆ ಜಾಸ್ತಿ ಆಗಿತ್ತು" ಅಂದೆ.

"ಅಷ್ಟೇನಾ?"

"ಅಷ್ಟೇ."

ಅವನು ನಿನ್ನ ಮನೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ಟೋಪಿ ಸರಿ ಮಾಡಿಕೊಂಡ. ಕಾಫಿಯನ್ನೂ ಕೇಳದೆ ಹೋದ.

ಆ ರೀತಿ ನಾಲ್ಕು ದಿನ. ಬೆಳಿಗ್ಗೆ ಒಲೆಯ ಬಾಗಿಲು ತೆರೆದರೆ ಅರ್ಧ ಹೊಟ್ಟೆಯ ಬೆಂಕಿ. ಗುಡುಗುಡು ಇಲ್ಲ, ಹಬೆ ಇಲ್ಲ. ಎಲ್ಲ ಸರಿಯಾಗಿತ್ತು. ಸರಿಯಾದದ್ದನ್ನೇ ನನ್ನಿಂದ ತಾಳಲಾಗಲಿಲ್ಲ. ಐದನೆಯ ದಿನ ಕೈಯಲ್ಲಿ ಒಂದು ಕೊರಡು ಹಿಡಿದುಕೊಂಡು ಹಿಮದಲ್ಲಿ ನಿಂತಿದ್ದೆ, ಎಷ್ಟು ಹೊತ್ತೋ ತಿಳಿಯದು. ಅದನ್ನು ಹಾಕುವಂತಿಲ್ಲ. ರಾಶಿಗೆ ಮರಳಿ ಇಡಲೂ ಮನಸ್ಸಿಲ್ಲ. ಕಾಲು ಹೆಪ್ಪುಗಟ್ಟಿತು.

ರೈಮೋನನ್ನು ಕರೆದೆ. "ಬಾರಯ್ಯ, ವಾಲ್ವು ತೆರಿಬೇಕು" ಅಂದೆ.

"ಯಾವ್ದು?"

"ಐರಿ ಮನೇದು."

"ಅಲ್ಲಿ ಯಾರಿದಾರೆ ಹಿಲ್ಮಾ?" ಅಂದ.

"ನೀನು ಸ್ಪ್ಯಾನರ್ ಹಿಡ್ಕೊಂಡು ಬಾ. ಪ್ರಶ್ನೆ ಆಮೇಲೆ ಕೇಳುವಂತೆ."

ತೆರೆದೆವು. ಬಾಯ್ಲರ್‌ಗೆ ನೀರು ತುಂಬಿಸುತ್ತ ತುಂಬಿಸುತ್ತ ಆ ಮನೆಯ ಖಾಲಿ ಪೈಪಿಗೆ ಬಿಸಿನೀರು ಬಿಟ್ಟೆವು. ಪೈಪು ಒಡೆಯುತ್ತದೆ ಎಂದು ಅವನು ಹೆದರಿದ್ದ. ಒಡೆಯಲಿಲ್ಲ, ನೀನು ಹಾಕಿದ ಪೈಪು. ನೀನು ಕರೆದಿದ್ದೀಯಲ್ಲ, ಅದಕ್ಕೆ ಒಳಗೆ ಹೋದೆ. ಒಂದೊಂದೇ ರೇಡಿಯೇಟರಿನ ಕೀಲಿ ತಿರುಗಿಸಿ ಗಾಳಿ ಬಿಟ್ಟೆ. ನೀನು ಕಲಿಸಿದ್ದು ಅಷ್ಟಾದರೂ ಕೆಲಸಕ್ಕೆ ಬಂತು. ಗೋಡೆಗಳು ಟಕಟಕ ಎಂದವು. ಸಂಜೆ ಬಾಯ್ಲರ್ ಹತ್ತಿರ ಬಂದು ಮೇಲಂಚಿನವರೆಗೆ ಮೇಪಲ್ ತುಂಬಿದೆ. ತಲೆ ಎತ್ತಿ ಕಿಟಕಿ ನೋಡಿದೆ. ಇನ್ನೊಂದು ಕೊರಡು ಹಾಕಿದೆ. ಕುದಿಯಲಿಲ್ಲ. ಇವತ್ತಿನವರೆಗೂ ಕುದಿದಿಲ್ಲ. ಬಾಯ್ಲರ್‌ಗೆ ರೋಗವಿಲ್ಲ ಎಂದು ನೀನು ಬರೆದದ್ದು ಸರಿ.

ಒಂದು ವಿಷಯ ನಿನಗೆ ತಿಳಿದಿರಲಿ. ತಣ್ಣಗಿದ್ದಾಗ ಆ ಮನೆಗೆ ಯಾವ ವಾಸನೆಯೂ ಇರಲಿಲ್ಲ. ಬಿಸಿಯಾದ ಎರಡನೆಯ ದಿನ ಹೋಗಿ ಬಾಗಿಲು ತೆರೆದರೆ ಅವಳು ಎದುರಿಗೇ ಬಂದಳು. ಎದೆಗೆ ಹಚ್ಚುತ್ತಿದ್ದ ಆ ಕರ್ಪೂರದ ಮುಲಾಮು, ಅವಳ ತಲೆದಿಂಬು, ಒಲೆಯ ಮೇಲೆ ಮರೆತ ಕಾಫಿ, ಎಲ್ಲ. ನಾನು ಬಾಗಿಲ ಕಂಬ ಹಿಡಿದುಕೊಂಡೆ. ಮಾರನೆಯ ದಿನ ಹೋದಾಗ ಕಡಿಮೆಯಾಗಿತ್ತು. ಬಾಗಿಲು ತೆರೆದಷ್ಟೂ ಹೋಗುತ್ತದೆ. ಅದಕ್ಕೆ ಮುಚ್ಚಿ ಬಂದಿದ್ದೇನೆ, ಮತ್ತೆ ತೆರೆದಿಲ್ಲ. ಒಬ್ಬರು ಒಂದು ಸಲ ಒಳಗೆ ಬರುವಷ್ಟು ಉಳಿದಿರಬಹುದು. ನನ್ನ ಪಾಲು ನಾನು ತೆಗೆದುಕೊಂಡಾಯಿತು.

ಬಟ್ಟೆ ನಾನು ಬಿಚ್ಚಲಿಲ್ಲ. ಹತ್ತಿರ ಹೋಗಿ ನೋಡಿದೆ. ಹೊರಗಿನ ಮಗ್ಗುಲು ಬಿಸಿಲಿಗೆ ಬಿಳಿಚಿಕೊಂಡಿದೆ, ಒಳಮಗ್ಗುಲು ಇನ್ನೂ ಕೆಂಪಗಿದೆ. ನೀನು ಹಾಕಿದ ಗಂಟು ಬಲವಾಗಿದೆ.

ಈಗ ಚರ್ಚಿನ ಮಾತಿಗೆ ಬರುತ್ತೇನೆ. "ಇನ್ನಿಲ್ಲಿ ನಿಂಗೇನಿದೆ?" ಎಂದು ಕೇಳಿದೆ, ಹೌದು. ಅದು ಪ್ರಶ್ನೆ ಕಣೋ. ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕು. ಮನೆ ಇದೆ, ಬಾಯ್ಲರ್ ಇದೆ, ಬೈಯಲು ಒಬ್ಬ ಮುದುಕಿ ಇದ್ದಾಳೆ ಎನ್ನಬಹುದಿತ್ತು. ಏನೂ ಇಲ್ಲ ಎಂದಿದ್ದರೂ ಆಗುತ್ತಿತ್ತು, ನನಗೂ ಏನೂ ಇರಲಿಲ್ಲ, ಇಬ್ಬರೂ ಕೂತು ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದೆವು. ನೀನು ಲೋಟ ಇಟ್ಟು ಎದ್ದು ಹೋದೆ. ನಾನು ಅಲ್ಲೇ ನಿಂತಿದ್ದೆ, ಉತ್ತರಕ್ಕೆ. ಇಲ್ಲಿಯವರೆಗೂ ಅಲ್ಲೇ ನಿಂತಿದ್ದೇನೆ.

ಕಾವಲುಗಾರನಾಗಿ ಬಂದರಿನಲ್ಲಿ ಖಾಲಿ ಹಡಗು ಕಾಯುವುದಾದರೆ ಕಾಯು. ಖಾಲಿ ಮನೆ ಕಾಯುವುದು ಅದಕ್ಕಿಂತ ಕಷ್ಟವೆಂದು ನನಗೆ ಗೊತ್ತು, ಬಾ ಎಂದು ಗೋಗರೆಯುವುದಿಲ್ಲ. ಆದರೆ ಸೌದೆ ಎರಡು ಮನೆಗೆ ಜನವರಿವರೆಗೆ ಸಾಕು, ಆಮೇಲೆ ಸಾಲದು. ಈ ಸುಟ್ಟ ಕೈಯಲ್ಲಿ ಸೀಳಲಾಗುವುದಿಲ್ಲ, ರೈಮೋ ಸೀಳಿದರೆ ಅವನ ಕಾಲನ್ನೇ ಸೀಳಿಕೊಳ್ಳುತ್ತಾನೆ. ನೀನು ಬರುವುದಿಲ್ಲವೆಂದರೆ ವಾಲ್ವು ಮುಚ್ಚಿ, ನೀರು ಇಳಿಸಿ, ಆ ಬಟ್ಟೆಯನ್ನು ನಾನೇ ಬಿಚ್ಚುತ್ತೇನೆ. ಬರುತ್ತೀಯೆಂದರೆ ನೀನು ಬಂದು ಬಿಚ್ಚುವವರೆಗೆ ತುಂಬುತ್ತಿರುತ್ತೇನೆ. ಎರಡರಲ್ಲಿ ಒಂದು ಬರೆ. ಹಗ್ಗ, ಮುಚ್ಚಳ, ಪಂಪು ಬೇಡ. ಗಾಳಿ ಹೇಗಿದೆ, ಊಟ ಹೇಗಿದೆ, ಅದೂ ಬೇಡ.

ಜನವರಿ ಐದರೊಳಗೆ ನನಗೆ ಉತ್ತರ ಬರಬೇಕು.

ನಿನ್ನ ಅತ್ತೆ,
ಹಿಲ್ಮಾ